ಹುಲಿ ಯಾವ ಕೋಣೆಯಲ್ಲಿದೆ?

ಬ್ಯೂನಸ್ ಐರಿಸ್ ನಗರದ ರೊಡ್ರಿಗೆಸ್ ಪೆನ್ಯಾ ಬೀದಿಯ ಕಡೆ ಒಂದು ಹಳೆಯ ದೊಡ್ಡ ಮನೆ. ಒಡಹುಟ್ಟಿದ ಇಬ್ಬರು, ಒಬ್ಬ ಗಂಡಸು ಮತ್ತು ಇರೇನೆ, ಅಲ್ಲಿ ಇಬ್ಬರೇ ಇದ್ದಾರೆ. ಇಬ್ಬರಿಗೂ ಮದುವೆಯಾಗಿಲ್ಲ. ಜಮೀನಿನಿಂದ ತಿಂಗಳು ತಿಂಗಳು ದುಡ್ಡು ಬರುತ್ತೆ. ಬೆಳಗ್ಗೆ ಮನೆ ಗುಡಿಸುವುದು, ಮಧ್ಯಾಹ್ನ ಊಟ, ಆಮೇಲೆ ಅವಳು ಉಲ್ಲನ್ ಹೆಣೆಯುತ್ತಾಳೆ, ಅವನು ಫ್ರೆಂಚ್ ಪುಸ್ತಕ ಓದುತ್ತಾನೆ. ಒಂದು ರಾತ್ರಿ ಎಂಟು ಗಂಟೆ ಹೊತ್ತಿಗೆ ಅವನು ‘ಮಾತೆ’ ಅನ್ನುವ ಎಲೆ ಕಷಾಯಕ್ಕೆ ನೀರಿಡಲು ಎದ್ದು ಹೋಗುತ್ತಾನೆ. ಮನೆಯ ಹಿಂಭಾಗದಿಂದ ಏನೋ ಸದ್ದು. ಕಾರ್ಪೆಟ್ ಮೇಲೆ ಕುರ್ಚಿ ಉರುಳಿದ ಹಾಗೆ, ಇಲ್ಲಾ ಯಾರೋ ಪಿಸುಮಾತಾಡಿದ ಹಾಗೆ. ಓಡಿಹೋಗಿ ಓಕ್ ಮರದ ಬಾಗಿಲನ್ನು ಮೈಭಾರ ಹಾಕಿ ಮುಚ್ಚಿ ಚಿಲಕ ಹಾಕುತ್ತಾನೆ. ಆಮೇಲೆ ಅಡುಗೆಮನೆಗೆ ಹೋಗಿ ನೀರು ಕಾಯಿಸುತ್ತಾನೆ. ತಟ್ಟೆಯಲ್ಲಿ ಕಷಾಯ ತಂದಿಟ್ಟು, ಹಿಂದಿನ ಭಾಗವನ್ನು ಅವರು ಹಿಡಿದುಕೊಂಡರು ಅಂತ ಹೇಳುತ್ತಾನೆ. ಅವಳು ಹೆಣಿಗೆ ಕೆಳಗೆ ಬೀಳಿಸುತ್ತಾಳೆ. ನಿಜವಾ ಅಂತ ಕೇಳುತ್ತಾಳೆ. ಹಾಗಾದರೆ ಇನ್ನು ಈ ಕಡೆಯೇ ಇರಬೇಕು ಅನ್ನುತ್ತಾಳೆ, ಮತ್ತೆ ಸೂಜಿ ಎತ್ತಿಕೊಳ್ಳುತ್ತಾಳೆ. ಅವಳು ಹೆಣೆಯುತ್ತಿದ್ದದ್ದು ಬೂದು ಬಣ್ಣದ ಒಂದು ತೋಳಿಲ್ಲದ ಸ್ವೆಟರ್. ಅದು ತನಗೆ ಇಷ್ಟವಾಗಿತ್ತು ಅಂತ ಅವನು ನೆನೆಯುತ್ತಾನೆ.

ಅವರು ಯಾರು? ‘ಹೌಸ್ ಟೇಕನ್ ಓವರ್’ ಅನ್ನುವ ಈ ಕತೆ ಹೇಳುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ ಅಂದರೆ, ಅವರಿಬ್ಬರೂ ಕೇಳುವುದೇ ಇಲ್ಲ.

ಹೂಲಿಯೊ ಕೊರ್ತಾಸರ್ ಅವರ ‘ಬ್ಲೋ-ಅಪ್ ಅಂಡ್ ಅದರ್ ಸ್ಟೋರೀಸ್’ ಪುಸ್ತಕದ 15 ಕತೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಇಲ್ಲಿನ ಜನ ಯಾಕೆ ಅಂತ ಕೇಳುವುದಿಲ್ಲ, ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ. ಅರ್ಧ ಮನೆ ಹೋಯಿತಾ, ಸರಿ, ಗುಡಿಸುವ ಕೆಲಸ ಕಮ್ಮಿಯಾಯಿತು. ಬಾಯಿಂದ ಮೊಲದ ಮರಿ ಬಂತಾ, ಸರಿ, ಬಾಲ್ಕನಿಯಲ್ಲಿ ಹುಲ್ಲು ಬೆಳೆಸೋಣ. ಓದುತ್ತಾ ಓದುತ್ತಾ ಭಯ ಹುಟ್ಟುವುದು ಈ ಹೊಂದಾಣಿಕೆಯನ್ನು ನೋಡಿಯೇ.

ನಾನು ದಾವಣಗೆರೆಯಲ್ಲಿ ಸ್ಟಾಫ್ ನರ್ಸ್. ಆಪರೇಷನ್ ಆದವರನ್ನು ಮಲಗಿಸುವ ವಾರ್ಡಿನಲ್ಲಿ ಕೆಲಸ. ನೈಟ್ ಡ್ಯೂಟಿ ಮುಗಿಸಿ ಬಂದ ದಿನ ಹಗಲು ನಿದ್ದೆ ಹತ್ತುವುದಿಲ್ಲ, ಆಗ ಓದುತ್ತೇನೆ. ಈ ಪುಸ್ತಕವನ್ನು ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಕೊರ್ತಾಸರ್ ಅರ್ಜೆಂಟೀನಾದವರು. ಹುಟ್ಟಿದ್ದು 1914ರಲ್ಲಿ ಬ್ರಸೆಲ್ಸ್‌ನಲ್ಲಿ, ಬೆಳೆದದ್ದು ಬ್ಯೂನಸ್ ಐರಿಸ್ ಪಕ್ಕದ ಬಾನ್‌ಫೀಲ್ಡ್‌ನಲ್ಲಿ. ಚಿಕ್ಕಂದಿನಲ್ಲಿ ಪದೇ ಪದೇ ಕಾಯಿಲೆ ಬಿದ್ದು ಹಾಸಿಗೆಯಲ್ಲೇ ಓದಿಕೊಂಡಿದ್ದ ಹುಡುಗ. 1951ರಲ್ಲಿ ಪ್ಯಾರಿಸ್ಸಿಗೆ ಹೋದರು, ಯುನೆಸ್ಕೋದಲ್ಲಿ ಅನುವಾದಕರಾಗಿ ದುಡಿದರು, 1984ರಲ್ಲಿ ಅಲ್ಲೇ ತೀರಿಕೊಂಡರು. 1968ರಲ್ಲಿ ದೆಹಲಿಗೆ ಬಂದು, ಆಗ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಒಕ್ತಾವಿಯೊ ಪಾಸ್ ಅವರ ಮನೆಯಲ್ಲಿ ಉಳಿದಿದ್ದರು. ಜಂತರ್ ಮಂತರ್ ಅವರನ್ನು ಬಹಳ ಸೆಳೆದಿತ್ತು. ಇಷ್ಟು ಸಾಕು, ಕತೆಗಳಿಗೆ ಬರುತ್ತೇನೆ.

ನನಗೆ ಎಲ್ಲಕ್ಕಿಂತ ದೊಡ್ಡ ಕತೆ ಅನಿಸಿದ್ದು ‘ಬೆಸ್ಟಿಯರಿ’. ಇಸಾಬೆಲ್ ಅನ್ನುವ ಪುಟ್ಟ ಹುಡುಗಿಯನ್ನು ಬೇಸಿಗೆ ರಜೆಗೆ ಫೂನೆಸ್ ಮನೆತನದವರ ಹಳ್ಳಿ ಮನೆಗೆ ಕಳಿಸಬೇಕೋ ಬೇಡವೋ ಅಂತ ದೊಡ್ಡವರು ಮಾತಾಡುತ್ತಾರೆ. ಆ ಮಾತಿನ ನಡುವೆ ಹುಲಿಯ ವಿಷಯ ಬಂದು ಹೋಗುತ್ತದೆ. ಹುಲಿಯದ್ದೇನೂ ಅಷ್ಟು ಚಿಂತೆ ಇಲ್ಲ, ಆ ಮನೆಯವರು ಜಾಗ್ರತೆಯಾಗಿಯೇ ಇದ್ದಾರೆ ಅನ್ನುವ ಧಾಟಿಯಲ್ಲಿ. ನಾನು ಮತ್ತೆ ಹಿಂದಕ್ಕೆ ಹೋಗಿ ಓದಿದೆ. ಹೌದು, ಹುಲಿಯೇ. ಮನೆಯೊಳಗೆ ಒಂದು ಹುಲಿ ಓಡಾಡಿಕೊಂಡಿದೆ. ಅದು ಎಲ್ಲಿದೆ ಅಂತ ಮೇಸ್ತ್ರಿ ನೋಡಿ ಬಂದು ಹೇಳುತ್ತಾನೆ. ಊಟದ ಕೋಣೆಯಲ್ಲಿದ್ದರೆ ಎಲ್ಲರೂ ಬೇರೆ ಕಡೆ ಊಟ ಮಾಡುತ್ತಾರೆ. ಮಕ್ಕಳು ಆಟಕ್ಕೆ ಹೋಗುವ ಮೊದಲು ಕೇಳಿಕೊಂಡು ಹೋಗುತ್ತವೆ. ಅಷ್ಟೇ. ಹುಲಿಗೆ ಗುಂಡು ಹೊಡೆಯೋಣ, ಮನೆ ಬಿಟ್ಟು ಹೋಗೋಣ ಅಂತ ಯಾರಿಗೂ ಹೊಳೆಯುವುದಿಲ್ಲ.

ಇಸಾಬೆಲ್ ಮತ್ತು ಆ ಮನೆಯ ಹುಡುಗ ನೀನೋ ಸೇರಿ ಗಾಜಿನ ಪೆಟ್ಟಿಗೆಯಲ್ಲಿ ಇರುವೆ ಸಾಕುತ್ತಾರೆ, ಎಲೆ ಕಿತ್ತು ಪುಸ್ತಕಕ್ಕೆ ಅಂಟಿಸುತ್ತಾರೆ. ಕತೆಯ ಮುಕ್ಕಾಲು ಭಾಗ ಹೀಗೆ ರಜೆಯ ಕತೆಯೇ. ಮನೆಯಲ್ಲಿ ರೇಮಾ ಅಂತ ಒಬ್ಬ ಹೆಂಗಸು. ಇಸಾಬೆಲ್‌ಗೆ ಅವಳೆಂದರೆ ಪ್ರಾಣ. ನೇನೆ ಅಂತ ಒಬ್ಬ ಗಂಡಸು, ಮುಂಗೋಪಿ, ನೀನೋಗೆ ಹೊಡೆಯುತ್ತಾನೆ. ಒಂದು ಸಂಜೆ ಅವನು ರೇಮಾಳಿಗೆ ನಿಂಬೆ ಷರಬತ್ತು ತಾ ಅನ್ನುತ್ತಾನೆ. ರೇಮಾ ತಾನು ಹೋಗದೆ ಹುಡುಗಿಯ ಕೈಯಲ್ಲಿ ಕೊಟ್ಟು ಕಳಿಸುತ್ತಾಳೆ. ಲೋಟ ತಂದದ್ದು ಇಸಾಬೆಲ್ ಅಂತ ನೋಡಿದಾಗ ಅವನ ಮುಖ ಹೇಗಾಯಿತು, ರೇಮಾ ಯಾಕೆ ಹೋಗಲಿಲ್ಲ, ಹುಡುಗಿಗೆ ಎಷ್ಟು ತಿಳಿಯಿತು, ಯಾವುದನ್ನೂ ಬಿಡಿಸಿ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ. ಆ ಲೋಟ ಒಂದೇ ಸಾಕು.

ನಮ್ಮ ವಾರ್ಡಿಗೆ ಕೈ ಮುರಿದುಕೊಂಡ ಹೆಂಗಸರು ಬರುತ್ತಾರೆ. ಏನಾಯ್ತಮ್ಮಾ ಅಂದರೆ, ಬಚ್ಚಲಲ್ಲಿ ಜಾರಿ ಬಿದ್ದೆ ಸಿಸ್ಟರ್ ಅನ್ನುತ್ತಾರೆ. ಬಾಗಿಲ ಹತ್ತಿರ ನಿಂತ ಮಕ್ಕಳನ್ನು ನೋಡಿದರೆ ಗೊತ್ತಾಗುತ್ತೆ. ಅಪ್ಪ ಕ್ಯಾಂಟೀನಿಗೆ ಹೋದಾಗ ಒಂದು ಥರ, ಅಪ್ಪ ಬಂದಾಗ ಇನ್ನೊಂದು ಥರ. ಅವನು ಎಲ್ಲಿದ್ದಾನೆ ಅಂತ ನೋಡಿಕೊಂಡೇ ಆ ಮಕ್ಕಳು ನೀರು ಕುಡಿಯಲೂ ಎದ್ದು ಹೋಗುತ್ತವೆ. ಇಡೀ ಸಂಸಾರ ಒಬ್ಬನ ಸುತ್ತ ದಾರಿ ಮಾಡಿಕೊಂಡು ಬದುಕುವುದನ್ನು ಕಲಿತಿರುತ್ತದೆ. ಹುಲಿಯನ್ನು ಮನೆಯೊಳಗೆ ಬಿಟ್ಟು, ಅದರ ಬಗ್ಗೆ ಒಂದು ವಿವರಣೆಯೂ ಕೊಡದೆ ಕೊರ್ತಾಸರ್ ಬರೆದದ್ದು ಈ ಮನೆಯನ್ನೇ ಅಂತ ನನಗೆ ಪೂರ್ತಿ ನಂಬಿಕೆ. ಕೊನೆಯಲ್ಲಿ ಇಸಾಬೆಲ್ ಏನು ಮಾಡುತ್ತಾಳೆ ಅಂತ ಇಲ್ಲಿ ಹೇಳುವುದಿಲ್ಲ. ಆದರೆ ಕೊನೆಯ ಸಾಲುಗಳಲ್ಲಿ ರೇಮಾಳ ಕೈ ಎಲ್ಲಿರುತ್ತದೆ ಅಂತ ಗಮನಿಸಿ ಓದಿ.

ಇನ್ನು ಮೊಲದ ಕತೆ, ‘ಲೆಟರ್ ಟು ಎ ಯಂಗ್ ಲೇಡಿ ಇನ್ ಪ್ಯಾರಿಸ್’. ಪ್ಯಾರಿಸ್ಸಿಗೆ ಹೋದ ಗೆಳತಿಯ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಬಂದು ಇರುತ್ತಾನೆ. ಎಲ್ಲಾ ಒಪ್ಪ ಓರಣವಾಗಿರುವ ಮನೆ. ಅಲ್ಲಿಂದ ಅವಳಿಗೆ ಪತ್ರ ಬರೆಯುತ್ತಾನೆ. ಅವನಿಗೊಂದು ತೊಂದರೆ ಇದೆ: ಆಗಾಗ ಮೊಲದ ಮರಿ ವಾಂತಿ ಮಾಡುತ್ತಾನೆ. ಎರಡು ಬೆರಳು ಬಾಯೊಳಗೆ ಚಿಮುಟದಂತೆ ಹಿಡಿದು, ಗಂಟಲಲ್ಲಿ ಹೊಟ್ಟೆಯುಬ್ಬರಕ್ಕೆ ಕುಡಿಯುವ ಉಪ್ಪಿನ ನೊರೆಯ ಹಾಗೆ ಬೆಚ್ಚನೆಯ ತುಪ್ಪಳ ಮೇಲೇರುವವರೆಗೆ ಕಾಯುತ್ತಾನೆ, ಕಿವಿ ಹಿಡಿದು ಹೊರಗೆ ತೆಗೆಯುತ್ತಾನೆ. ನೋವಿಲ್ಲ, ಗಲೀಜಿಲ್ಲ. ಆರೋಗ್ಯವಾಗಿರುವ ಬಿಳಿ ಮರಿ, ಸ್ವಲ್ಪ ಚಿಕ್ಕದು ಅಷ್ಟೇ. ವಾಂತಿಯನ್ನು ಇಷ್ಟು ಶಾಂತವಾಗಿ, ಇಷ್ಟು ನಿಖರವಾಗಿ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಆದರೆ ಕತೆಯ ನಿಜವಾದ ಸಂಕಟ ಆಮೇಲೆ ಶುರುವಾಗುತ್ತದೆ. ಮೊದಲು ಅವನ ಹತ್ತಿರ ಒಂದು ಲೆಕ್ಕವಿತ್ತು. ಒಂದು ಮರಿ ಬಂದರೆ ಇನ್ನೊಂದು ಬರಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ಮೊದಲನೆಯದನ್ನು ಯಾರಿಗಾದರೂ ಕೊಡಬಹುದು. ಹೊಸ ಮನೆಗೆ ಬಂದ ದಿನ ಲಿಫ್ಟಿನಲ್ಲೇ, ಒಂದನೇ ಮತ್ತು ಎರಡನೇ ಮಹಡಿಯ ನಡುವೆ, ಮರಿ ಬಂದುಬಿಡುತ್ತದೆ. ಆಮೇಲೆ ಲೆಕ್ಕ ತಪ್ಪುತ್ತದೆ. ಮರಿಗಳನ್ನು ಬಟ್ಟೆ ಬೀರುವಿನಲ್ಲಿ ಬಚ್ಚಿಡುತ್ತಾನೆ. ಹಗಲು ಅವು ನಿದ್ದೆ ಮಾಡುತ್ತವೆ, ರಾತ್ರಿ ಬಿಟ್ಟರೆ ಪುಸ್ತಕದ ಬೆನ್ನು ಕಡಿಯುತ್ತವೆ, ಪರದೆ ಹರಿಯುತ್ತವೆ. ಒಡೆದ ದೀಪವನ್ನು ಅವನು ಗಮ್ ಹಾಕಿ ಕಾಣದ ಹಾಗೆ ಜೋಡಿಸುತ್ತಾನೆ. ಕೆಲಸದ ಸಾರಾಗೆ ಗೊತ್ತಾಗಬಾರದು. ಹತ್ತು ಮರಿಯವರೆಗೆ ಹೇಗೋ ನಿಭಾಯಿಸುತ್ತಾನೆ. ಹನ್ನೊಂದನೆಯದು ಬರುತ್ತದೆ.

ಕಾಯಿಲೆ ಮುಚ್ಚಿಟ್ಟುಕೊಂಡು ಬದುಕುವವರನ್ನು ನೋಡಿದವರಿಗೆ ಈ ಕತೆ ಎದೆಗೆ ಬಡಿಯುತ್ತದೆ. ಗಂಟು ಬೆಳೆದು ತಿಂಗಳುಗಳೇ ಆಗಿದ್ದರೂ ಸೆರಗು ಹೊದ್ದು ಮನೆಗೆಲಸ ಮಾಡಿಕೊಂಡಿದ್ದವರು, ರಾತ್ರಿ ಕೆಮ್ಮಿದ್ದು ಪಕ್ಕದ ಕೋಣೆಗೆ ಕೇಳಬಾರದು ಅಂತ ದಿಂಬಿಗೆ ಮುಖ ಒತ್ತಿಕೊಂಡವರು. ಅವರೆಲ್ಲರ ಹತ್ತಿರವೂ ಒಂದು ಲೆಕ್ಕವಿರುತ್ತದೆ. ಅದು ತಪ್ಪಿದ ಮೇಲೇ ನಮ್ಮ ಹತ್ತಿರ ಬರುತ್ತಾರೆ. ಪತ್ರ ಬರೆದವನ ಮರ್ಯಾದೆಯ ಧಾಟಿ, ಮನೆ ಹಾಳು ಮಾಡಿದ್ದಕ್ಕೆ ಅವನು ಪಡುವ ಸಂಕೋಚ, ಅದು ಓದುವಾಗ ಸಹಿಸಲು ಕಷ್ಟ. ಸಾಯುವ ಅಂಚಿನಲ್ಲಿ ನಿಂತವನಿಗೆ ಪರದೆಯ ಚಿಂತೆ!

ಆಸ್ಪತ್ರೆಯ ಕತೆಯೂ ಒಂದಿದೆ, ‘ದಿ ನೈಟ್ ಫೇಸ್ ಅಪ್’. ಮೋಟರ್‌ಸೈಕಲ್ ಅಪಘಾತವಾದವನೊಬ್ಬನನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ಜ್ವರ ಏರಿದಂತೆ ಅವನಿಗೊಂದು ಕನಸು: ತಾನು ಹಳೆಯ ಮೆಕ್ಸಿಕೋದ ಕಾಡಿನಲ್ಲಿದ್ದೇನೆ, ಆಸ್ಟೆಕ್ ಜನ ಬಲಿ ಕೊಡಲು ಬೆನ್ನಟ್ಟುತ್ತಿದ್ದಾರೆ. ಎಚ್ಚರವಾದರೆ ವಾರ್ಡು, ಕಣ್ಣು ಮುಚ್ಚಿದರೆ ಕಾಡು. ಆ ಕನಸಿನಲ್ಲಿ ವಾಸನೆ ಇದೆ, ಜೌಗು ನೆಲದ ವಾಸನೆ. ತನಗೆ ಯಾವತ್ತೂ ಕನಸಿನಲ್ಲಿ ವಾಸನೆ ಬಂದಿರಲಿಲ್ಲ ಅಂತ ಅವನಿಗೆ ಅನಿಸುತ್ತದೆ. ಅಲ್ಲಿಂದ ನನಗೆ ಪುಸ್ತಕ ಕೆಳಗಿಡಲು ಆಗಲಿಲ್ಲ.

ಇದರಲ್ಲಿ ಬರುವ ವಾರ್ಡು ಸುಳ್ಳಲ್ಲ. ಇನ್ನೂ ಒದ್ದೆಯಿರುವ ಎಕ್ಸ್‌ರೇಯನ್ನು ರೋಗಿಯ ಎದೆಯ ಮೇಲೇ ಇಟ್ಟು ಸ್ಟ್ರೆಚರ್ ತಳ್ಳುತ್ತಾರೆ. ತೂಕ ಕಟ್ಟಿ ರಾಟೆಗೆ ತೂಗುಹಾಕಿದ ಕೈ, ಪಕ್ಕದಲ್ಲಿ ನೀರಿನ ಬಾಟಲಿ, ಬಾಯಿ ಒಣಗುವುದು, ಹೊಂಬಣ್ಣದ ಬಿಸಿ ಸೂಪು, ಹೊರಳಾಡಬೇಡ ಬೀಳುತ್ತೀಯ ಅನ್ನುವ ಪಕ್ಕದ ಹಾಸಿಗೆಯವನು. ಎಲ್ಲಾ ಹಾಗ್ಹಾಗೇ. ಆಪರೇಷನ್ ಆದ ಮೇಲೆ, ಅದರಲ್ಲೂ ವಯಸ್ಸಾದವರಿಗೆ, ರಾತ್ರಿ ಹೊತ್ತು ಹೀಗೆ ಗೊಂದಲವಾಗುವುದು ಉಂಟು. ಜ್ವರ, ನೋವು, ಔಷಧಿ, ನಿದ್ದೆಗೇಡು, ಗುರುತಿಲ್ಲದ ಜಾಗ ಎಲ್ಲ ಸೇರಿಕೊಳ್ಳುತ್ತವೆ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಒಬ್ಬ ಅಜ್ಜ ನಡುರಾತ್ರಿ ಸಲೈನ್ ಪೈಪು ಹಿಡಿದು ಎಳೆಯುತ್ತಾ, “ಸಿಸ್ಟ್ರೇ, ಎತ್ತು ಬಿಚ್ಚಿಕಂಡು ಹೊಂಟಾವೆ, ಹಿಡೀರಿ” ಅಂತ ಕೂಗಿದ. ಎಲ್ಲಿದ್ದೀರಿ ಅಂತ ತಿಳಿಸಿ ಹೇಳಬೇಕು ಅಂತ ನಮಗೆ ಕಲಿಸಿದ್ದಾರೆ. ಹೇಳಿದೆ, ಅವನಿಗೆ ಕೇಳಿಸಲೇ ಇಲ್ಲ. ಕೊನೆಗೆ ಪೈಪನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, “ಕಟ್ಟಿ ಬಂದೀನಿ ಅಜ್ಜ, ಮಲಕ್ಕಳ್ರಿ” ಅಂದೆ. ಆಗ ಕೈ ಸಡಿಲ ಬಿಟ್ಟ. ಅವನ ಹೊಲವೇ ನಿಜ, ನಮ್ಮ ವಾರ್ಡೇ ಕನಸು. ಕೊರ್ತಾಸರ್ ಕತೆ ಇದೇ ಗಡಿಯ ಮೇಲೆ ನಿಂತಿದೆ. ಅದರ ಕೊನೆ ಗೊತ್ತಿಲ್ಲದೆ ಓದುವ ಅವಕಾಶ ನಿಮಗಿದ್ದರೆ ದಯವಿಟ್ಟು ಕಳೆದುಕೊಳ್ಳಬೇಡಿ, ಯಾರ ಹತ್ತಿರವೂ ಕೇಳಬೇಡಿ.

‘ಕಂಟಿನ್ಯುಯಿಟಿ ಆಫ್ ಪಾರ್ಕ್ಸ್’ ಬಗ್ಗೆಯೂ ಅದೇ ಮಾತು. ಎರಡು ಮೂರು ಪುಟದ ಕತೆ. ಹಸಿರು ವೆಲ್ವೆಟ್ ಕುರ್ಚಿಯಲ್ಲಿ ಕೂತು ಒಬ್ಬ ಕಾದಂಬರಿ ಓದುತ್ತಿರುತ್ತಾನೆ. ಅಷ್ಟೇ ಹೇಳುತ್ತೇನೆ.

ಪುಸ್ತಕ ಶುರುವಾಗುವುದು ‘ಆಕ್ಸೊಲೊಟ್ಲ್’ ಕತೆಯಿಂದ. ಆಕ್ಸೊಲೊಟ್ಲ್ ಅಂದರೆ ಮೆಕ್ಸಿಕೋದ ಒಂದು ನೀರುಜೀವಿ. ಸಾಲಮಾಂಡರ್ ಜಾತಿಯದು, ಆದರೆ ದೊಡ್ಡದಾದ ಮೇಲೂ ಮರಿಯ ರೂಪದಲ್ಲೇ ಉಳಿದು, ಕಿವಿರು ಇಟ್ಟುಕೊಂಡು, ನೀರಲ್ಲೇ ಬದುಕುತ್ತದೆ. ಯಾರೂ ಸಾಕದೆ ತಾನಾಗಿ ಬದುಕುವ ಆಕ್ಸೊಲೊಟ್ಲ್ ಈಗ ಮೆಕ್ಸಿಕೋ ನಗರದ ಸೊಚಿಮಿಲ್ಕೊ ಕಾಲುವೆಗಳ ಕಡೆ ಅಲ್ಪಸ್ವಲ್ಪ ಉಳಿದಿದೆ. ಪ್ಯಾರಿಸ್ಸಿನ ಜಾರ್ದ್ಯಾಂ ದೆ ಪ್ಲಾಂತ್ ಉದ್ಯಾನದ ಅಕ್ವೇರಿಯಮ್ಮಿನಲ್ಲಿ ಒಬ್ಬ ಅದರ ಚಿನ್ನದ ಬಣ್ಣದ ಕಣ್ಣು ನೋಡುತ್ತಾ ದಿನಾ ಬಂದು ನಿಲ್ಲುತ್ತಾನೆ. ತಾನೀಗ ಆಕ್ಸೊಲೊಟ್ಲ್ ಆಗಿದ್ದೇನೆ ಅಂತ ಮೊದಲ ಪ್ಯಾರಾದಲ್ಲೇ ಹೇಳಿಬಿಡುತ್ತಾನೆ. ಮುಚ್ಚಿಡಲು ಏನೂ ಇಲ್ಲ. ಆದರೂ ಗಾಜಿನ ಈ ಕಡೆಯಿಂದ ಆ ಕಡೆಗೆ ದಾಟುವ ಸಾಲು ಬಂದಾಗ ಉಸಿರು ಹಿಡಿದುಕೊಳ್ಳಬೇಕಾಯಿತು. ಮಾತಾಡಲಾಗದವರ ಕಣ್ಣು ನೋಡುವುದು ನನ್ನ ಕೆಲಸದ ಒಂದು ಭಾಗ. ಬಾಯಿಗೆ ಟ್ಯೂಬ್ ಹಾಕಿದವರ ಕಣ್ಣು ಹೀಗೇ ಇರುತ್ತದೆ.

ಇಂಥ ಕತೆ ನಮಗೆ ಪೂರಾ ಹೊಸದೇನಲ್ಲ. ಹೂವಿನ ಮರವಾಗುವ ಹುಡುಗಿಯ ಕತೆ ನಮ್ಮ ಕಡೆ ಎಷ್ಟೋ ಜನರಿಗೆ ಗೊತ್ತು. ಒಂದು ಕೊಡ ನೀರು ಸುರಿದರೆ ಮರ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಕೊಂಬೆ ಮುರಿಯಬಾರದು. ಮುರಿದರೆ ಏನಾಗುತ್ತೆ ಅಂತ ಮೊದಲೇ ಗೊತ್ತು, ಯಾರ ತಪ್ಪಿನಿಂದ ಕೆಟ್ಟಿತು ಅಂತಲೂ ಗೊತ್ತಾಗುತ್ತದೆ. ಕೊರ್ತಾಸರ್ ಕತೆಯಲ್ಲಿ ಆ ಆಸರೆ ಇಲ್ಲ. ಯಾರೂ ಕೊಂಬೆ ಮುರಿದಿಲ್ಲ, ಆದರೂ ಮನೆ ಕೈಬಿಟ್ಟು ಹೋಗುತ್ತದೆ. ಮನೆಯ ಕತೆ, ‘ಹೌಸ್ ಟೇಕನ್ ಓವರ್’, 1946ರಲ್ಲಿ ಅರ್ಜೆಂಟೀನಾದ ಲೇಖಕ ಬೋರ್ಹೆಸ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ಬಂತು. ಪೆರೋನ್ ಆ ದೇಶದ ಅಧ್ಯಕ್ಷರಾದದ್ದೂ ಅದೇ ವರ್ಷ. ಹಾಗಾಗಿ ಒಳಗೆ ನುಗ್ಗಿದವರು ಪೆರೋನ್ ಕಡೆಯ ಜನ ಅಂತ ಓದಿದವರು ಬಹಳ. ತನಗೆ ಅದು ಒಂದು ಕೆಟ್ಟ ಕನಸಾಗಿ ಬಂದದ್ದು ಅಂತ ಕೊರ್ತಾಸರ್ ಹೇಳಿದ್ದಾರೆ. ನನಗೆ ಎರಡೂ ಸರಿ. ಆದರೆ ಮತ್ತೆ ಮತ್ತೆ ಕಣ್ಣ ಮುಂದೆ ಬರುವುದು ಉಲ್ಲನ್ ದಾರ. ಓಡಿ ಹೊರಗೆ ಬಂದಾಗ ಇರೇನೆಯ ಕೈಯಲ್ಲಿ ಹೆಣಿಗೆ, ದಾರ ಬಾಗಿಲ ಕೆಳಗಿನಿಂದ ಒಳಕ್ಕೆ ಹೋಗಿದೆ, ಉಂಡೆ ಆ ಕಡೆ ಉಳಿದಿದೆ. ಅವಳು ನೋಡುವುದೂ ಇಲ್ಲ, ಹೆಣಿಗೆಯನ್ನು ಕೈಬಿಡುತ್ತಾಳೆ.

ಪುಸ್ತಕಕ್ಕೆ ಹೆಸರು ಕೊಟ್ಟ ಕತೆ ‘ಬ್ಲೋ-ಅಪ್’ ಬಗ್ಗೆ ಎಚ್ಚರಿಕೆ ಕೊಡಬೇಕು. ಇಟಲಿಯ ನಿರ್ದೇಶಕ ಆಂತೊನಿಯೋನಿ 1966ರಲ್ಲಿ ಇದರಿಂದ ಸಿನಿಮಾ ಮಾಡಿದ ಮೇಲೆ ಪುಸ್ತಕಕ್ಕೂ ಅದೇ ಹೆಸರು ಬಂತು. ಮೊದಲು 1967ರಲ್ಲಿ ಅಚ್ಚಾದಾಗ ಬೇರೆ ಹೆಸರಿತ್ತು. ಸಿನಿಮಾ ನೋಡಿದವರು ಇಲ್ಲಿ ಲಂಡನ್ನು, ಹೆಣ ಹುಡುಕಿದರೆ ಸಿಗುವುದಿಲ್ಲ. ಪ್ಯಾರಿಸ್ಸಿನ ನದಿ ದಂಡೆಯಲ್ಲಿ ಒಬ್ಬ ಹೆಂಗಸು ಮತ್ತು ಹದಿಹರೆಯದ ಹುಡುಗನ ಫೋಟೋ ತೆಗೆದವನೊಬ್ಬ, ಗೋಡೆಗೆ ಅಂಟಿಸಿದ ಆ ಫೋಟೋ ಕದಲುವುದನ್ನು ನೋಡುವ ಕತೆ ಅದು. ಯಾರು ಹೇಳುತ್ತಿದ್ದಾರೆ, ಬದುಕಿದ್ದಾರೋ ಇಲ್ಲವೋ, ಹೇಗೆ ಹೇಳಬೇಕು ಅಂತ ಮೊದಲ ಎರಡು ಪುಟ ಪೂರ್ತಿ ತೊಡಕು. ಇದರಿಂದ ಶುರು ಮಾಡಿದರೆ ಪುಸ್ತಕ ಮುಚ್ಚಿಡುತ್ತೀರಿ. ಕೊನೆಗೆ ಓದಿ.

ಎಲ್ಲವೂ ಇಷ್ಟವಾಗಲಿಲ್ಲ. ‘ದಿ ಐಡಲ್ ಆಫ್ ದಿ ಸೈಕ್ಲೇಡ್ಸ್’ ಎಲ್ಲಿಗೆ ಹೋಗುತ್ತದೆ ಅಂತ ಅರ್ಧದಲ್ಲೇ ಗೊತ್ತಾಯಿತು. ‘ದಿ ಗೇಟ್ಸ್ ಆಫ್ ಹೆವನ್’ ಕತೆಯಲ್ಲಿ ನನಗೆ ಸಿಟ್ಟು ಬಂತು. ಕತೆ ಹೇಳುವ ವಕೀಲ ನೃತ್ಯದ ಹಾಲಿಗೆ ಬರುವ ಬಡವರನ್ನು, ಅವರ ಮೈಬಣ್ಣವನ್ನು, ಪೌಡರ್ ಬೆವರಿನ ವಾಸನೆಯನ್ನು ಬಣ್ಣಿಸುವ ರೀತಿ ಹಿಂಸೆ ಮಾಡುತ್ತದೆ. ಅದು ಪಾತ್ರದ ಕಣ್ಣು ಅಂತ ಹೇಳಬಹುದು. ಆದರೆ ಆ ಕಣ್ಣನ್ನು ಕತೆ ಎಲ್ಲೂ ತಡೆದು ಕೇಳುವುದಿಲ್ಲ. ಸತ್ತುಹೋದ ಸೆಲೀನಾ ಹೊಗೆಯಲ್ಲಿ ಕುಣಿಯುವುದು ಕಾಣುವ ಕೊನೆಯ ಪುಟ ಚೆಂದ, ಅಲ್ಲಿಗೆ ಮುಟ್ಟುವ ದಾರಿ ಚೆನ್ನಾಗಿಲ್ಲ.

ವಿಚಿತ್ರ ಏನೂ ನಡೆಯದ ಕತೆಗಳೂ ಇವೆ. ‘ದಿ ಪರ್ಸ್ಯೂಅರ್’ ಉದ್ದದ್ದು, ಜಾಝ್ ಕಲಾವಿದ ಚಾರ್ಲಿ ಪಾರ್ಕರ್ ನೆನಪಿಗೆ ಬರೆದದ್ದು. ಸಂಗೀತ ಗೊತ್ತಿಲ್ಲದಿದ್ದರೂ ಓದಿಸಿಕೊಂಡು ಹೋಗುತ್ತದೆ. ‘ಅಟ್ ಯುವರ್ ಸರ್ವಿಸ್’ ಕತೆಯ ಮುದುಕಿ ಮದಾಂ ಫ್ರಾನ್ಸಿನೆ ಮನೆಗೆಲಸದವಳು. ಶ್ರೀಮಂತರ ಪಾರ್ಟಿಯಲ್ಲಿ ನಾಯಿಗಳನ್ನು ನೋಡಿಕೊಳ್ಳಲು ಅವಳನ್ನು ಕರೆಸುತ್ತಾರೆ, ಆಮೇಲೆ ಒಬ್ಬನ ಶವದ ಮುಂದೆ ತಾಯಿಯಾಗಿ ಅಳಲು ದುಡ್ಡು ಕೊಡುತ್ತಾರೆ. ಅವಳು ಅಳುವುದು ನಿಜವಾದ ಅಳು. ದುಡ್ಡಿಗೆ ಮಾಡುವ ಆರೈಕೆಯಲ್ಲಿ ಪ್ರೀತಿ ಇರುವುದಿಲ್ಲ ಅಂದುಕೊಂಡವರು ಇದನ್ನು ಓದಬೇಕು.

‘ಎಂಡ್ ಆಫ್ ದಿ ಗೇಮ್’ನಲ್ಲಿ ಮೂವರು ಹುಡುಗಿಯರು ರೈಲ್ವೆ ಹಳಿ ಪಕ್ಕ ಪ್ರತಿಮೆಗಳ ಹಾಗೆ ನಿಲ್ಲುವ ಆಟ ಆಡುತ್ತಾರೆ. ಲೆತೀಸಿಯಾಗೆ ಬೆನ್ನುಮೂಳೆಯ ಕಾಯಿಲೆ, ಕತ್ತು ಹೊರಳಿಸಲು ಆಗದು. ಪ್ರತಿಮೆಯಾಗಿ ನಿಂತಾಗ ಮಾತ್ರ ಅವಳ ಕಾಯಿಲೆ ಯಾರಿಗೂ ಕಾಣುವುದಿಲ್ಲ. ರೈಲಿನ ಕಿಟಕಿಯಿಂದ ಒಬ್ಬ ಹುಡುಗ ಚೀಟಿ ಎಸೆಯುತ್ತಾನೆ. ಈ ಕತೆ ಓದಿ ನಾನು ಅತ್ತೆ.

ಅನುವಾದ ಪಾಲ್ ಬ್ಲಾಕ್‌ಬರ್ನ್ ಅವರದು. ಅವರು ಅಮೆರಿಕದ ಕವಿ, ಅಲ್ಲಿ ಕೊರ್ತಾಸರ್ ಪುಸ್ತಕಗಳ ಏಜೆಂಟ್ ಕೂಡ ಆಗಿದ್ದರು. ಇಂಗ್ಲಿಷ್ ಕಷ್ಟದ್ದಲ್ಲ, ಆದರೆ ಕೆಲವು ವಾಕ್ಯಗಳು ಕಾಮಾ ಮೇಲೆ ಕಾಮಾ ಹಾಕಿಕೊಂಡು ಉದ್ದಕ್ಕೆ ಓಡುತ್ತವೆ. ಬಾಯಿಬಿಟ್ಟು ಓದಿದರೆ ಸಲೀಸು. ಒಂದು ದಿನಕ್ಕೆ ಒಂದು ಕತೆ ಸಾಕು, ಜಾಸ್ತಿ ಓದಿದರೆ ಒಂದರ ಮೇಲೊಂದು ಕಲಸಿಹೋಗುತ್ತವೆ. ಹೊಸಬರು ಮನೆಯ ಕತೆ, ಆಮೇಲೆ ಆಸ್ಪತ್ರೆಯ ಕತೆ, ಆಮೇಲೆ ಹುಲಿಯ ಕತೆ ಓದಿ. ಮನೆಯಲ್ಲಿ ಹುಷಾರಿಲ್ಲದವರನ್ನು ನೋಡಿಕೊಳ್ಳುತ್ತಿರುವವರು ಮೊಲದ ಕತೆಯನ್ನು ಸದ್ಯಕ್ಕೆ ಬಿಡಿ. ಮನಸ್ಸು ತುಂಬಾ ಕುಗ್ಗಿರುವವರೂ ಅದನ್ನು ಬಿಡಿ. ಅದರ ಕೊನೆ ಎಲ್ಲಿಗೆ ಹೋಗುತ್ತದೆ ಅಂತ ನೀವು ಊಹಿಸಬಹುದು.

ಇನ್ನೊಂದು ವಿಷಯ. ಕೊರ್ತಾಸರ್ ಅವರ 1951ರ ‘ಬೆಸ್ತಿಯಾರಿಯೊ’ ಸಂಕಲನದಲ್ಲಿ ಎಂಟು ಕತೆಗಳಿದ್ದವು. ಅದರಲ್ಲಿ ಐದು ಮಾತ್ರ ಈ ಪುಸ್ತಕದಲ್ಲಿವೆ. ಬಿಟ್ಟುಹೋದ ಮೂರರಲ್ಲಿ ಒಂದು ಬಸ್ಸಿನ ಕತೆ, ಒಂದು ತಲೆನೋವಿನ ಕತೆ. ತಲೆನೋವಿನ ಕತೆಯನ್ನಂತೂ ನಾನು ಓದಲೇಬೇಕು. ಅವು ಇರುವ ಇಂಗ್ಲಿಷ್ ಪುಸ್ತಕ ದಾವಣಗೆರೆ, ಹುಬ್ಬಳ್ಳಿ ಕಡೆ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ಓದಿ ಜೋಪಾನವಾಗಿ ವಾಪಸ್ ಕೊಡುತ್ತೇನೆ.